ಪಾಕ ಕೂಡಿಸುವ ಕೆಲಸ: ಕಮ್ಮಿ ದರ್ಜೆಯ ಕಲ್ಲಿದ್ದಲಿನಿಂದ ಒಳ್ಳೆ ಕೋಕ್

(ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಮಾತು ಶುರು ಮಾಡುವ ಮುಂಚೆ ಈ ಎರಡು ತುಂಡುಗಳನ್ನು ಹಿಂದಿನ ಸಾಲಿನವರೆಗೂ ದಾಟಿಸಿಬಿಡಿ. ಕಪ್ಪಗಿರುವುದು ಕಲ್ಲಿದ್ದಲು. ಮುಟ್ಟಿದರೆ ಕೈಗೆ ಮಸಿ ಹತ್ತುತ್ತದೆ, ಬಿಳಿ ಪಂಚೆಯವರು ಸ್ವಲ್ಪ ಹುಷಾರು. ಬೂದುಬಣ್ಣದ್ದು ಕೋಕ್, ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಗೆ ಹಾಕುವುದು. ಅದನ್ನು ಬೆರಳಿನಿಂದ ತಟ್ಟಿ ನೋಡಿ. ಠಣ್ ಅನ್ನುತ್ತದೆ, ಅಲ್ವಾ? ಮೈತುಂಬ ತೂತು, ಆದರೂ ಕಲ್ಲಿನ ಹಾಗೆ ಗಟ್ಟಿ. ಎರಡೂ ಒಂದೇ ವಸ್ತು. ಮೊದಲನೆಯದನ್ನು ಗಾಳಿ ತಾಗದ ಹಾಗೆ ಸಾವಿರ ಡಿಗ್ರಿಗೂ ಮೇಲೆ ಸುಮಾರು 20 ಗಂಟೆ ಬೇಯಿಸಿದರೆ ಎರಡನೆಯದು.

ಆದರೆ ಎಲ್ಲ ಕಲ್ಲಿದ್ದಲೂ ಹೀಗೆ ಆಗುವುದಿಲ್ಲ. ಬಹಳಷ್ಟು ಕಲ್ಲಿದ್ದಲು ಬೇಯಿಸಿದರೆ ಪುಡಿಯಾಗಿಯೇ ಉಳಿಯುತ್ತದೆ. ಗಟ್ಟಿ ಕೋಕ್ ಆಗುವ ಜಾತಿ ಕಮ್ಮಿ, ಹಾಗಾಗಿ ದುಬಾರಿ. ನಾನು ಮೂರು ದಶಕ ಮಾಡಿದ ಕೆಲಸ ಅಂದರೆ ಈ ದುಬಾರಿ ಕಲ್ಲಿದ್ದಲಿನ ಜೊತೆ ಅಗ್ಗದ್ದನ್ನು ಎಷ್ಟು ಬೆರೆಸಬಹುದು ಅಂತ ಲೆಕ್ಕ ಹಾಕುವುದು. ಮನೆಯಲ್ಲಿ ಇದಕ್ಕೆ 'ಕಲಬೆರಕೆ ಇಂಜಿನಿಯರ್' ಅನ್ನುತ್ತಾರೆ. ಇರಲಿ.

ಬೆಂಗಳೂರಿನಲ್ಲಿ ಕೂತು ಈ ವಿಷಯ ಯಾಕೆ? ನಮ್ಮ ರಾಜ್ಯದಲ್ಲಿ ಬಳ್ಳಾರಿ, ಸಂಡೂರು, ಕೆಮ್ಮಣ್ಣುಗುಂಡಿ ಅಂತ ಕಬ್ಬಿಣದ ಅದಿರಿಗೆ ಬರವಿಲ್ಲ. ಕಲ್ಲಿದ್ದಲು ಮಾತ್ರ ಒಂದು ಬುಟ್ಟಿಯೂ ಇಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಕ್ಕೇ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಇದ್ದಿಲು. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು ಆ ಕಾರ್ಖಾನೆಯನ್ನು ದಾರಿಗೆ ತಂದರು. ಆದರೆ ಇದ್ದಿಲಿಗೆ ಒಂದು ಮಿತಿ ಇದೆ. ಭಾರ ಹೊರಲಾರದು. ಕುಲುಮೆ ಎತ್ತರವಾದರೆ ಮೇಲಿನ ಅದಿರಿನ ತೂಕಕ್ಕೆ ಇದ್ದಿಲು ನುರಿದು ಹೋಗುತ್ತದೆ. ಹಾಗಾಗಿ ಇದ್ದಿಲಿನ ಕುಲುಮೆ ಚಿಕ್ಕದಾಗಿಯೇ ಇರಬೇಕು.

ಈಗ ತೋರಣಗಲ್ಲಿನಲ್ಲಿ ನಿಂತಿರುವ ಊದುಕುಲುಮೆಗಳು ಅದರ ಮುಂದೆ ರಾಕ್ಷಸರು. ಅವುಗಳಿಗೆ ಕೋಕೇ ಬೇಕು. ಅದಕ್ಕೆ ಬೇಕಾದ ಕಲ್ಲಿದ್ದಲು ಹಡಗಿನಲ್ಲಿ ಬರುತ್ತದೆ. ಅದರಲ್ಲಿ ಒಂದು ಪಾಲು ಗೋವಾದ ಬಂದರಿನಲ್ಲಿ ಇಳಿದು, ಕ್ಯಾಸಲ್‌ರಾಕ್ ಘಾಟಿ ಹತ್ತಿ, ಹುಬ್ಬಳ್ಳಿ ದಾಟಿ ಬಳ್ಳಾರಿ ಸೀಮೆಗೆ ಬರುತ್ತದೆ. ಆ ಘಾಟಿಯ ಏರು 37 ಅಡಿಗೆ ಒಂದು ಅಡಿ. ಹಿಂದೆ ಮುಂದೆ ಎಂಜಿನ್ ಕಟ್ಟಿಕೊಂಡು ಗೂಡ್ಸ್ ಗಾಡಿ ಏದುಸಿರು ಬಿಡುವುದನ್ನು ದೂಧ್‌ಸಾಗರಕ್ಕೆ ಹೋದವರು ನೋಡಿಯೇ ಇರುತ್ತೀರಿ. ಇಷ್ಟು ದೂರದಿಂದ ತಂದ ಸರಕಿನಲ್ಲಿ ನೂರಕ್ಕೆ ಹತ್ತು ಪಾಲು ಅಗ್ಗದ್ದನ್ನು ಸೇರಿಸಲು ಸಾಧ್ಯವಾದರೂ ಅದು ಸಣ್ಣ ದುಡ್ಡಲ್ಲ.

ಹಾಗಾದರೆ ಕೋಕ್‌ಗೆ ಕುಲುಮೆಯೊಳಗೆ ಏನು ಕೆಲಸ? ಜನ ಸುಮ್ನೆ ಉರುವಲು ಅಂದುಕೊಳ್ಳುತ್ತಾರೆ. ಉರಿಯುತ್ತದೆ, ನಿಜ. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದಿರಿನ ಆಮ್ಲಜನಕ ಕಿತ್ತುಕೊಂಡು ಕಬ್ಬಿಣ ಉಳಿಸುತ್ತದೆ, ಅದೂ ನಿಜ. ಈ ಎರಡು ಕೆಲಸವನ್ನು ಬೇರೆ ಯಾರಾದರೂ ಸ್ವಲ್ಪ ಮಟ್ಟಿಗೆ ಮಾಡಬಲ್ಲರು. ಮೂರನೆಯದನ್ನು ಕೋಕ್ ಒಂದೇ ಮಾಡಬೇಕು. ಅದು ಕಂಬವಾಗಿ ನಿಲ್ಲುವುದು. ಕುಲುಮೆಯ ನಡುಮಟ್ಟದಲ್ಲಿ ಅದಿರು ಮೆತ್ತಗಾಗಿ ಅಂಟಂಟಾಗುತ್ತದೆ, ಗಾಳಿ ಬಿಡುವುದಿಲ್ಲ. ಅಲ್ಲಿ ಬಿಸಿ ಗಾಳಿಗೆ ಇರುವ ದಾರಿ ಅಂದರೆ ನಡುನಡುವೆ ಹಾಕಿರುವ ಕೋಕ್ ಪದರ ಮಾತ್ರ. ಇನ್ನೂ ಕೆಳಗೆ ಎಲ್ಲವೂ ಕರಗಿರುತ್ತದೆ. ಗಟ್ಟಿಯಾಗಿ ಉಳಿಯುವುದು ಕೋಕ್ ಒಂದೇ. ಕರಗಿದ ಕಬ್ಬಿಣ ಅದರ ಸಂದಿಯಲ್ಲೇ ತೊಟ್ಟಿಕ್ಕಿ ಇಳಿಯಬೇಕು. ಕೋಕ್ ಪುಡಿಯಾಯಿತೋ, ದಾರಿ ಮುಚ್ಚಿತು. ಮೂಗು ಕಟ್ಟಿದ ಮನುಷ್ಯ ಓಡಲು ಹೋದ ಹಾಗೆ ಕುಲುಮೆ ಒದ್ದಾಡುತ್ತದೆ.

ಇನ್ನೊಂದು ತಮಾಷೆ ಇದೆ. ಈಚೆಗೆ ಕೋಕ್ ಉಳಿಸಲು ಕುಲುಮೆಯ ಕೆಳಗಿನಿಂದ ಕಲ್ಲಿದ್ದಲಿನ ಪುಡಿ ಊದುತ್ತಾರೆ. ಕೋಕ್ ಬಳಕೆ ಕಮ್ಮಿಯಾಯಿತು. ಆದರೆ ಕಮ್ಮಿ ಕೋಕ್ ಅಷ್ಟೇ ಭಾರ ಹೊರಬೇಕು, ಕುಲುಮೆಯಲ್ಲಿ ಇನ್ನೂ ಜಾಸ್ತಿ ಹೊತ್ತು ತಾಳಬೇಕು. ಹಾಗಾಗಿ ಇರುವ ಕೋಕ್ ಮೊದಲಿಗಿಂತ ಒಳ್ಳೆಯದಾಗಿರಬೇಕು. ಒಂದು ಕಡೆ ಅಗ್ಗದ ಕಲ್ಲಿದ್ದಲು ಹಾಕು ಅನ್ನುತ್ತಾರೆ, ಇನ್ನೊಂದು ಕಡೆ ಕೋಕ್ ಗಟ್ಟಿ ಮಾಡು ಅನ್ನುತ್ತಾರೆ. ನಮ್ಮ ಪಾಡು ಅದು.

ಈಗ ಅಡುಗೆಮನೆಗೆ ಬರೋಣ. ಕಡಲೆ ಮಿಠಾಯಿ ಮಾಡಿದವರು ಕೈ ಎತ್ತಿ. ಪರವಾಗಿಲ್ಲ, ಜಾಸ್ತಿ ಜನ ಇದ್ದೀರಿ. ಬೆಲ್ಲದ ಪಾಕ ಕಡಲೆಬೀಜವನ್ನು ಹಿಡಿದುಕೊಳ್ಳುತ್ತದೆ. ಪಾಕ ಕಮ್ಮಿಯಾದರೆ ಮಿಠಾಯಿ ಉದುರುತ್ತದೆ. ಬೀಜ ಕಮ್ಮಿಯಾದರೆ ಬರೀ ಪಾಕ, ಗಾಜಿನ ಹಾಗೆ ಚೂರಾಗುತ್ತದೆ. ಕಲ್ಲಿದ್ದಲಿನ ಒಳಗೂ ಇದೇ ಇದೆ. ವಿಟ್ರಿನೈಟ್ ಅನ್ನುವ ಭಾಗ ಕಾಯಿಸಿದಾಗ ಕರಗಿ ಪಾಕವಾಗುತ್ತದೆ. ಇನರ್ಟಿನೈಟ್ ಅನ್ನುವ ಭಾಗ ಕರಗುವುದಿಲ್ಲ, ಅದು ಬೀಜ. ಅದರಲ್ಲಿ ಒಂದಿಷ್ಟು ಕೋಟಿಗಟ್ಟಲೆ ವರ್ಷಗಳ ಹಿಂದೆ ಕಾಳ್ಗಿಚ್ಚಿನಲ್ಲಿ ಸುಟ್ಟ ಮರದ ಇದ್ದಿಲು. ಒಮ್ಮೆ ಸುಟ್ಟದ್ದು ಮತ್ತೆ ಯಾಕೆ ಕರಗೀತು? ಅದು ಪೂರ್ತಿ ಇಲ್ಲದಿದ್ದರೂ ಕಷ್ಟ. ಸುಮಾರು ಕಾಲು ಭಾಗ ಇದ್ದರೆ ಕೋಕ್‌ನ ಗೋಡೆ ಗಟ್ಟಿ ಬರುತ್ತದೆ.

ಬೆಲ್ಲಕ್ಕೂ ಕಲ್ಲಿದ್ದಲಿಗೂ ಒಂದು ವ್ಯತ್ಯಾಸ ಇದೆ. ಬೆಲ್ಲದ ಪಾಕ ತಣ್ಣಗಾದಾಗ ಗಟ್ಟಿಯಾಗುತ್ತದೆ. ಕಲ್ಲಿದ್ದಲಿನ ಪಾಕ ಇನ್ನಷ್ಟು ಕಾಯಿಸಿದಾಗ ಗಟ್ಟಿಯಾಗುತ್ತದೆ! ಹೆಚ್ಚುಕಡಿಮೆ 350ರಿಂದ 400 ಡಿಗ್ರಿಯಲ್ಲಿ ಮೆತ್ತಗಾಗಿ, ಉಬ್ಬಿ, 500ರ ಹೊತ್ತಿಗೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಇಡೀ ಕೋಕ್‌ನ ಹಣೆಬರಹ ಬರೆಯುವುದು ಈ ನೂರು, ನೂರೈವತ್ತು ಡಿಗ್ರಿಯೊಳಗೆ.

ಇಲ್ಲಿಂದ ನಾನು ಇವತ್ತು ಹೇಳಬೇಕೆಂದು ಬಂದ ಮಾತು. ಬ್ಲೆಂಡ್, ಅಂದರೆ ಬೇರೆ ಬೇರೆ ಕಲ್ಲಿದ್ದಲಿನ ಬೆರಕೆ, ಬರೀ ಸರಾಸರಿ ಅಲ್ಲ.

ಕೆಲವು ಗುಣಗಳು ಕೂಡುತ್ತವೆ, ಅದನ್ನು ಒಪ್ಪುತ್ತೇನೆ. ಬೂದಿ ತೆಗೆದುಕೊಳ್ಳಿ. ಬೂದಿ ನೂರಕ್ಕೆ 9.5 ಇರುವ ಆಸ್ಟ್ರೇಲಿಯಾದ ಒಳ್ಳೆ ಕಲ್ಲಿದ್ದಲು ಅರ್ಧ, ಬೂದಿ 9 ಇರುವ ಸಾಧಾರಣದ್ದು ನೂರಕ್ಕೆ 30, ತೊಳೆದ ಮೇಲೂ ಬೂದಿ 18 ಉಳಿದಿರುವ ನಮ್ಮ ದೇಶದ್ದು 20 ಅಂತ ಇಟ್ಟುಕೊಳ್ಳಿ. ಬೆರಕೆಯ ಬೂದಿ 11ರ ಚೂರು ಮೇಲೆ. ಕಲ್ಲಿದ್ದಲಿನಿಂದ ಹೊಗೆ, ಅನಿಲ, ಡಾಂಬರು ಹೋಗಿ ನೂರಕ್ಕೆ 76 ಕೋಕ್ ಉಳಿಯುತ್ತದೆ, ಬೂದಿ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಕೋಕ್‌ನ ಬೂದಿ ಹದಿನಾಲ್ಕೂವರೆ. ಇದನ್ನು ಹೈಸ್ಕೂಲ್ ಹುಡುಗರೂ ಮಾಡುತ್ತಾರೆ.

ಅಂಟುವ ಗುಣ ಹಾಗೆ ಕೂಡುವುದಿಲ್ಲ. ಕಲ್ಲಿದ್ದಲಿನ ವಯಸ್ಸು, ಅಂದರೆ ಎಷ್ಟು ಪಕ್ವವಾಗಿದೆ ಅನ್ನುವುದನ್ನು ಅದರ ಹೊಳಪಿನಿಂದ ಅಳೆಯುತ್ತೇವೆ. ತುಂಡನ್ನು ಉಜ್ಜಿ ನುಣುಪು ಮಾಡಿ, ಮೈಕ್ರೋಸ್ಕೋಪಿನ ಕೆಳಗೆ ಒಂದು ಹನಿ ಎಣ್ಣೆ ಇಟ್ಟು, ವಿಟ್ರಿನೈಟ್ ನೂರಕ್ಕೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅಂತ ನೋಡುವುದು. 0.7 ಇದ್ದರೆ ಎಳೆಯದು, 1.6 ಇದ್ದರೆ ಬಲಿತದ್ದು. ಒಳ್ಳೆ ಕೋಕ್‌ಗೆ 1.1ರಿಂದ 1.3 ಹದ. ಈಗ ಒಬ್ಬ ಜಾಣ ಬರುತ್ತಾನೆ. 0.75ರದ್ದು ಅರ್ಧ, 1.55ರದ್ದು ಅರ್ಧ ಬೆರೆಸುತ್ತಾನೆ. ಸರಾಸರಿ 1.15. ಕಾಗದದ ಮೇಲೆ ಮುದ್ದಾಗಿದೆ. ಓವನ್‌ನಲ್ಲಿ ಏನಾಗುತ್ತದೆ? ಎಳೆಯದು ಬೇಗ ಕರಗಿ, ಬಲಿತದ್ದು ಕರಗಲು ಶುರು ಮಾಡುವ ಹೊತ್ತಿಗೆ ತಾನು ಗಟ್ಟಿಯಾಗಿ ಕೂತಿರುತ್ತದೆ. ಅಣ್ಣ ಊಟಕ್ಕೆ ಬರುವಾಗ ತಮ್ಮ ಕೈ ತೊಳೆದು ಎದ್ದ ಹಾಗೆ. ಇಬ್ಬರೂ ಮೆತ್ತಗಿರುವ ಹೊತ್ತು ಕೂಡಿಬರದೆ ಒಬ್ಬರಿಗೊಬ್ಬರು ಅಂಟುವುದು ಹೇಗೆ? ಮಧ್ಯದಲ್ಲಿ 1.1ರ ಆಸುಪಾಸಿನ ಒಂದು ಕಲ್ಲಿದ್ದಲು ಬೇಕು, ಎಳೆಯದರ ಕೈಯನ್ನೂ ಬಲಿತದ್ದರ ಕೈಯನ್ನೂ ಹಿಡಿಯುವಂಥದ್ದು. ನಾವು ಸೇತುವೆ ಅನ್ನುತ್ತೇವೆ. ಹಾಗಾಗಿ ನಾವು ಸರಾಸರಿಗಿಂತ, ಯಾವ ಹೊಳಪಿನದು ಎಷ್ಟಿದೆ ಅನ್ನುವ ಹಂಚಿಕೆಯ ಗ್ರಾಫ್ ನೋಡುತ್ತೇವೆ. ಅದರಲ್ಲಿ ನಡುವೆ ಕಣಿವೆ ಇದ್ದರೆ ಆ ಬ್ಲೆಂಡ್ ನನಗೆ ಬೇಡ.

ಪಾಕದ ತೆಳುವು ಅಳೆಯಲು ಗೀಸ್ಲರ್ ಅನ್ನುವ ಯಂತ್ರ ಇದೆ. ಐದು ಗ್ರಾಂ ಪುಡಿಯಲ್ಲಿ ಒಂದು ಸಣ್ಣ ಕಡಗೋಲು ನೆಟ್ಟು, ಒಂದೇ ಸಮನೆ ಬಲ ಕೊಟ್ಟು ತಿರುಗಿಸುತ್ತಾ, ನಿಮಿಷಕ್ಕೆ ಮೂರು ಡಿಗ್ರಿಯಂತೆ ಕಾಯಿಸುವುದು. ಮೊದಮೊದಲು ಕಡಗೋಲು ಅಲ್ಲಾಡುವುದೇ ಇಲ್ಲ. ಕಲ್ಲಿದ್ದಲು ಕರಗಿದಾಗ ಗಿರಗಿರ ತಿರುಗುತ್ತದೆ. ಗಟ್ಟಿಯಾದಾಗ ಮತ್ತೆ ನಿಲ್ಲುತ್ತದೆ. ಒಂದು ಕಲ್ಲಿದ್ದಲಿಗೆ ತಿರುಗುವ ವೇಗದ ಅಂಕಿ 20 ಬಂದರೆ ಇನ್ನೊಂದಕ್ಕೆ 20,000 ಬರುತ್ತದೆ. ಇವೆರಡರ ಸರಾಸರಿ 10,000 ಅನ್ನುವುದಕ್ಕೆ ಅರ್ಥವೇ ಇಲ್ಲ. ಲಾಗರಿದಮ್ ತೆಗೆದು ಸರಾಸರಿ ಮಾಡುತ್ತೇವೆ. ಅದೂ ಅಂದಾಜೇ.

ಉಬ್ಬುವಿಕೆಯ ಪರೀಕ್ಷೆ ಇನ್ನೂ ಚೆಂದ. ಒಂದೇ ಗ್ರಾಂ ಪುಡಿ. ಮುಚ್ಚಳದ ಪುಟ್ಟ ಮೂಸೆ. ಎರಡೂವರೆ ನಿಮಿಷದೊಳಗೆ 820 ಡಿಗ್ರಿ ಮುಟ್ಟಬೇಕು. ಮುಚ್ಚಳ ತೆಗೆದರೆ ಒಳ್ಳೆ ಕಲ್ಲಿದ್ದಲು ಪುಟಾಣಿ ಬೋಂಡದ ಹಾಗೆ ಉಬ್ಬಿ ಕೂತಿರುತ್ತದೆ. ಕೆಟ್ಟದ್ದು ಹಾಗೇ ಪುಡಿ, ಊದಿದರೆ ಹಾರುತ್ತದೆ. ಚಿತ್ರದ ಪಕ್ಕ ಹಿಡಿದು ನೋಡಿ ಸೊನ್ನೆಯಿಂದ 9ರವರೆಗೆ ಅಂಕ ಕೊಡುತ್ತೇವೆ. ಈ ಬೋಂಡ ನನಗೆ ಒಮ್ಮೆ ಕೈಕೊಟ್ಟಿದೆ. ಅದನ್ನು ಹೇಳಿಬಿಡುತ್ತೇನೆ.

ಕಾರ್ಖಾನೆಯ ಹೆಸರು ಬೇಡ. ಅಲ್ಲಿ ಒಂದು ಹಡಗಿನ ಕಲ್ಲಿದ್ದಲು ಯಾರ್ಡಿನಲ್ಲಿ ಬಿದ್ದಿತ್ತು. ಬೇಸಿಗೆ ಪೂರ್ತಿ ಬಿಸಿಲು, ಆಮೇಲೆ ಮೊದಲ ಮಳೆ. ಬೇರೆ ಹಡಗು ತಡವಾಯಿತು ಅಂತ ಆ ರಾಶಿಗೆ ಕೈ ಹಾಕಿದೆವು. ನಾನು ಬೋಂಡ ಮಾಡಿ ನೋಡಿದೆ. ಬಂದಾಗ 7 ಇತ್ತು, ಈಗ 6. ಇಷ್ಟು ಇಳಿಯುವುದು ಮಾಮೂಲು ಅಂತ ಸಹಿ ಹಾಕಿದೆ. ಗೀಸ್ಲರ್ ಮಾಡಬೇಕಿತ್ತು, ಯಂತ್ರ ರಿಪೇರಿಯಲ್ಲಿತ್ತು, ಬಿಟ್ಟೆ. ಎರಡು ದಿನ ಆದ ಮೇಲೆ ರಾತ್ರಿ ಪಾಳಿಯಲ್ಲಿ ಓವನ್‌ನಿಂದ ತಳ್ಳಿದ ಕೋಕ್ ನೋಡಿದರೆ ತುಂಡು ಸಣ್ಣ, ಧೂಳು ಜಾಸ್ತಿ, ಶಬ್ದವೂ ಮಂಕು. ಬೆಳಗಿನ ಜಾವಕ್ಕೆ ಕುಲುಮೆಯವರ ಫೋನ್: "ಏನ್ ಸಾರ್, ಕೋಕ್ ಕಳಿಸ್ತಿದ್ದೀರೋ ಮರಳು ಕಳಿಸ್ತಿದ್ದೀರೋ?" ಯಂತ್ರ ಸರಿಯಾದ ಮೇಲೆ ಅಳೆದರೆ ತೆಳುವು ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು. ಗಾಳಿ ತಾಗಿದ ಕಲ್ಲಿದ್ದಲಿನಲ್ಲಿ ಮೊದಲು ಸಾಯುವುದು ಪಾಕ. ಉಬ್ಬುವ ಗುಣ ಆಮೇಲೆ ಸಾಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆವತ್ತಿನಿಂದ ಯಾರ್ಡಿನ ರಾಶಿಗಳಿಗೆ ಬಂದ ದಿನಾಂಕದ ಬೋರ್ಡು ನೆಡಿಸಿದೆ.

ನಮ್ಮ ದೇಶದ ಕಲ್ಲಿದ್ದಲಿನ ವಿಷಯ. ಝಾರ್ಖಂಡ್‌ನ ಝರಿಯಾದಲ್ಲಿ ನಿಜಕ್ಕೂ ಅಂಟುವ ಕಲ್ಲಿದ್ದಲು ಇದೆ. ತೊಂದರೆ ಬೂದಿಯದು. ಕೋಟಿಗಟ್ಟಲೆ ವರ್ಷ ಹಿಂದಿನ ಗೊಂಡ್ವಾನ ಕಾಲದ ಗಿಡಮರಗಳ ಅವಶೇಷ ನೀರಿನಲ್ಲಿ ತೇಲಿ ಬಂದು ಮಣ್ಣಿನ ಜೊತೆ ಸೇರಿ ಕೂತದ್ದು. ಅಕ್ಕಿಯಲ್ಲಿ ಕಲ್ಲು ಇದ್ದರೆ ಆರಿಸಬಹುದು, ರಾಗಿ ಹಿಟ್ಟಿನಲ್ಲಿ ಮಣ್ಣು ಬೆರೆತರೆ ಏನು ಮಾಡುತ್ತೀರಿ? ಹಾಗೆ. ತೊಳೆದರೂ ಹೋಗುವುದು ಅಷ್ಟಕ್ಕಷ್ಟೇ, ತೊಳೆದಷ್ಟೂ ಒಳ್ಳೆಯದೂ ಹೋಗುತ್ತದೆ. ಜೊತೆಗೆ 1916ರಿಂದ ಅಲ್ಲಿನ ಗಣಿಗಳ ಒಳಗೆ ಬೆಂಕಿ ಉರಿಯುತ್ತಲೇ ಇದೆ. ದೇಶಕ್ಕೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಹೊರಗಿನಿಂದಲೇ, ಅದರಲ್ಲೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ ಬರುತ್ತದೆ. ಅಲ್ಲಿ 2011ರ ಹೊತ್ತಿಗೆ ನೆರೆ ಬಂದಾಗ ಟನ್ನಿಗೆ 300 ಡಾಲರ್ ದಾಟಿತ್ತು. 2022ರ ಮಾರ್ಚ್‌ನಲ್ಲಿ 600ನ್ನೂ ದಾಟಿತು. ಎಲ್ಲೋ ಮಳೆ, ಇಲ್ಲಿ ನಮಗೆ ನಿದ್ದೆ ಇಲ್ಲ.

ಹಾಗಾದರೆ ಪಾಕ ಕಮ್ಮಿ ಇರುವ ಕಲ್ಲಿದ್ದಲನ್ನು ಹೇಗೆ ಒಗ್ಗಿಸಿಕೊಳ್ಳುವುದು? ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಾಯ ತಂಬಿಟ್ಟಿನದು. ತಂಬಿಟ್ಟಿನ ಹಿಟ್ಟಿಗೆ ಬೆಲ್ಲ ಕಮ್ಮಿಯಾದರೆ ಏನು ಮಾಡುತ್ತೀರಿ? ಅಂಗೈಯಲ್ಲಿ ಬಿಗಿಯಾಗಿ ಅದುಮಿ ಉಂಡೆ ಕಟ್ಟುತ್ತೀರಿ. ಕಣಗಳು ಹತ್ತಿರ ಬಂದರೆ ಸ್ವಲ್ಪ ಪಾಕವೇ ಸಾಕು. ಇದಕ್ಕೆ ಸ್ಟ್ಯಾಂಪ್ ಚಾರ್ಜಿಂಗ್ ಅನ್ನುತ್ತಾರೆ. ಜರ್ಮನಿಯ ಸಾರ್ ಪ್ರದೇಶದವರು ತಮ್ಮ ಎಳೆ ಕಲ್ಲಿದ್ದಲಿನಿಂದ ಕೋಕ್ ಮಾಡಲು ಇದನ್ನು ಪಳಗಿಸಿಕೊಂಡರು. ನಮ್ಮಲ್ಲಿ ಜಮ್ಷೆಡ್‌ಪುರದಲ್ಲಿ ಟಾಟಾದವರು 1980ರ ದಶಕದ ಕೊನೆಗೆ ತಂದರು.

ಕೋಕ್ ಓವನ್ ಅಂದರೆ ನಿಮ್ಮ ಕಣ್ಣಿಗೆ ಬೇಕರಿಯ ಓವನ್ ಬರಬಾರದು. ಹಳೇ ಬಸವನಗುಡಿಯಲ್ಲಿ ಎರಡು ಮನೆಗಳ ನಡುವೆ ಸಂದಿ ಇರುತ್ತದಲ್ಲ, ಒಬ್ಬರು ಓರೆಯಾಗಿ ಹೋಗಬೇಕು, ಹಾಗೆ. ಅಗಲ ಅರ್ಧ ಮೀಟರಿಗೂ ಕಮ್ಮಿ, ಉದ್ದ ಸುಮಾರು 15 ಮೀಟರ್, ಎತ್ತರ 4ರಿಂದ 7 ಮೀಟರ್. ಮಾಮೂಲಿ ಪದ್ಧತಿಯಲ್ಲಿ ಮೇಲಿನ ತೂತುಗಳಿಂದ ಪುಡಿ ಸುರಿಯುತ್ತಾರೆ, ಘನ ಮೀಟರಿಗೆ 750ರಿಂದ 800 ಕಿಲೋ ಹಿಡಿಯುತ್ತದೆ. ಸ್ಟ್ಯಾಂಪಿಂಗ್‌ನಲ್ಲಿ ಒನಕೆಯಂಥ ಸುತ್ತಿಗೆಗಳು ಹೊರಗೇ ಕುಟ್ಟಿ ಕುಟ್ಟಿ ಓವನ್‌ನಷ್ಟೇ ಉದ್ದದ ಕಲ್ಲಿದ್ದಲಿನ ಗೋಡೆ ಕಟ್ಟುತ್ತವೆ. ಈಗ 1,100 ಕಿಲೋ. ಆ ಗೋಡೆಯನ್ನು ಹಾಗೆಯೇ ಪಕ್ಕದ ಬಾಗಿಲಿನಿಂದ ಒಳಗೆ ಸರಿಸುತ್ತಾರೆ. ಇದಕ್ಕೆ ಕೇಕ್ ಅಂತ ಹೆಸರು. ನೀರು ನೂರಕ್ಕೆ 9-10ರ ಹದದಲ್ಲಿರಬೇಕು. ಒಣಗಿದ್ದರೆ ಅರ್ಧ ದಾರಿಯಲ್ಲಿ ಕೇಕ್ ಕುಸಿಯುತ್ತದೆ. ಆಮೇಲೆ ಸಲಿಕೆ ಹಿಡಿದು ನಿಲ್ಲುವವರ ಬಾಯಲ್ಲಿ ಬರುವ ಮಾತು ಈ ಸಭೆಗೆ ತಕ್ಕದ್ದಲ್ಲ.

ನುಣ್ಣಗೆ ಪುಡಿ ಮಾಡುವುದು ಇನ್ನೊಂದು. ಸಾಮಾನ್ಯವಾಗಿ ನೂರಕ್ಕೆ 85-90 ಭಾಗ 3 ಮಿಲಿಮೀಟರಿಗಿಂತ ಸಣ್ಣಗಿರಬೇಕು. ಕರಗದ ಕಲ್ಲಿದ್ದಲನ್ನು ಇನ್ನೂ ಸಣ್ಣಗೆ ಒಡೆಯಬೇಕು. ಕಡಲೆ ಮಿಠಾಯಿಯಲ್ಲಿ ಇಡೀ ಬಾದಾಮಿ ಹಾಕಿದರೆ ಸುತ್ತ ಬಿರುಕು ಬಿಡುತ್ತದಲ್ಲ, ಅದೇ ಕಾರಣ. ಡಾಂಬರಿನ ಪಿಚ್ ಬೆರೆಸಿ ಪಾಕ ಹೆಚ್ಚಿಸುವುದೂ ಉಂಟು. ಅದರ ಬಗ್ಗೆ ಇವತ್ತು ಬೇಡ.

ಆದರೆ ಕುಟ್ಟಿದ್ದಕ್ಕೂ ಬೆಲೆ ತೆರಬೇಕು. ಬಲಿತ ಕಲ್ಲಿದ್ದಲು ಬೇಯುವಾಗ ಓವನ್ ಗೋಡೆಯನ್ನು ಒತ್ತುತ್ತದೆ. ಬಿಗಿಯಾಗಿ ತುಂಬಿದಷ್ಟೂ ಒತ್ತಡ ಜಾಸ್ತಿ. ಗೋಡೆ ಸಿಲಿಕಾ ಇಟ್ಟಿಗೆಯದು, 30 ವರ್ಷ ಬಾಳಬೇಕಾದ್ದು. ಇವತ್ತಿನ ಬ್ಲೆಂಡ್‌ನಲ್ಲಿ ಟನ್ನಿಗೆ 200 ರೂಪಾಯಿ ಉಳಿಸಿದವನಿಗೆ ಬಡ್ತಿ ಸಿಗುತ್ತದೆ. ಹತ್ತು ವರ್ಷದ ಮೇಲೆ ಗೋಡೆ ಬಾಗಿ, ತಳ್ಳುವಾಗ ಕೋಕ್ ಸಿಕ್ಕಿಕೊಂಡಾಗ ಅಲ್ಲಿ ಬೇರೆ ಯಾರೋ ಇರುತ್ತಾರೆ. ಖರೀದಿ ವಿಭಾಗದವರು ಕಲ್ಲಿದ್ದಲಿನ ಟನ್ ದರ ನೋಡುತ್ತಾರೆ, ನನಗೆ ಜೀವನಪೂರ್ತಿ ಜಗಳ ಇದ್ದದ್ದು ಅದರ ಮೇಲೆ. ನೋಡಬೇಕಾದ್ದು ಕೊನೆಗೆ ಕಬ್ಬಿಣದ ಟನ್ನಿಗೆ ಎಷ್ಟು ಬಿತ್ತು ಅಂತ. ಕೋಕ್‌ನಲ್ಲಿ ಬೂದಿ ಒಂದು ಶೇಕಡ ಏರಿದರೆ ಕುಲುಮೆ ಸುಮಾರು ಒಂದರಿಂದ ಎರಡು ಶೇಕಡ ಜಾಸ್ತಿ ಕೋಕ್ ತಿನ್ನುತ್ತದೆ. ಅಲ್ಲಿಗೆ ಉಳಿತಾಯ ಎಲ್ಲಿ ಹೋಯಿತು?

ಕೊನೆಗೆ ಕೋಕ್ ಪಾಸಾಯಿತೋ ಇಲ್ಲವೋ ಅಂತ ನೋಡುವುದು ಹೇಗೆ? ಮೊದಲು ಡ್ರಮ್ಮಿನಲ್ಲಿ ಹಾಕಿ ಉರುಳಿಸಿ ಎಷ್ಟು ಒಡೆಯಿತು ಅಂತ ನೋಡುತ್ತಿದ್ದರು, ಈಗಲೂ ನೋಡುತ್ತಾರೆ. ಆದರೆ ತಣ್ಣಗಿರುವಾಗ ಗಟ್ಟಿ ಇರುವುದು ಬೇರೆ, ಕುಲುಮೆಯಲ್ಲಿ ಗಟ್ಟಿ ಇರುವುದು ಬೇರೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಕೋಕ್ ಅನ್ನು ಒಳಗಿನಿಂದ ಗೆದ್ದಲಿನ ಹಾಗೆ ತಿನ್ನುತ್ತದೆ. ಜಪಾನಿನ ನಿಪ್ಪಾನ್ ಸ್ಟೀಲ್‌ನವರು 1970ರ ದಶಕದಲ್ಲಿ ಇದಕ್ಕೊಂದು ಪರೀಕ್ಷೆ ಮಾಡಿದರು. ಸುಮಾರು 20 ಮಿಲಿಮೀಟರ್ ಗಾತ್ರದ ಕೋಕ್ 200 ಗ್ರಾಂ, 1,100 ಡಿಗ್ರಿಯಲ್ಲಿ ಎರಡು ಗಂಟೆ ಆ ಅನಿಲದಲ್ಲಿ ಇಡುವುದು. ಎಷ್ಟು ತೂಕ ಕಳೆಯಿತೋ ಅದು ಸಿಆರ್‌ಐ. ಉಳಿದದ್ದನ್ನು 600 ಸುತ್ತು ಉರುಳಿಸಿದ ಮೇಲೆ ಗಟ್ಟಿಯಾಗಿ ಉಳಿದ ಪಾಲು ಸಿಎಸ್‌ಆರ್. ದೊಡ್ಡ ಕುಲುಮೆಯವರು ಸಿಎಸ್‌ಆರ್ 65ರ ಹತ್ತಿರ ಕೇಳುತ್ತಾರೆ. ಇಲ್ಲಿ ಬೂದಿ ಎಷ್ಟಿದೆ ಅನ್ನುವುದರ ಜೊತೆ ಬೂದಿಯಲ್ಲಿ ಏನಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಸುಣ್ಣ, ಕಬ್ಬಿಣ ಜಾಸ್ತಿ ಇದ್ದರೆ ಆ ಗೆದ್ದಲಿಗೆ ಚುರುಕು ಬರುತ್ತದೆ. ಎಲ್ಲ ಸರಿ ಇದ್ದ ಕಲ್ಲಿದ್ದಲು ಇದೊಂದರಲ್ಲಿ ನಪಾಸಾಗಿದ್ದನ್ನು ನೋಡಿದ್ದೇನೆ.

ಪ್ರಶ್ನೆಗಳಿಗೆ ಬರೋಣ. ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಹೈಡ್ರೋಜನ್‌ನಿಂದ ಉಕ್ಕು ಬಂದರೆ ಇದೆಲ್ಲ ಬೇಕಾಗುತ್ತಾ?" ಒಳ್ಳೆ ಪ್ರಶ್ನೆ ಕಣಮ್ಮ. ಬೇಡವಾದರೆ ನನಗಂತೂ ಬೇಜಾರಿಲ್ಲ, ಆ ಹೊಗೆ ಕುಡಿದವನು ನಾನು. ಆದರೆ 2017ರ ಉಕ್ಕು ನೀತಿಯಲ್ಲಿ 2030-31ಕ್ಕೆ 30 ಕೋಟಿ ಟನ್ ಸಾಮರ್ಥ್ಯದ ಗುರಿ ಹಾಕಿದ್ದಾರೆ, ಊದುಕುಲುಮೆಗಳು ಈಗಲೂ ಏಳುತ್ತಿವೆ. ಒಂದು ಸಲ ಹೊತ್ತಿಸಿದ ಕುಲುಮೆಯನ್ನು ಹದಿನೈದು, ಇಪ್ಪತ್ತು ವರ್ಷ ಆರಿಸುವುದಿಲ್ಲ. ಕೋಕ್ ಇಲ್ಲದೆ ಮಾಡುವ ಆಸೆ ಹೊಸದೂ ಅಲ್ಲ. ತೋರಣಗಲ್ಲಿನಲ್ಲೇ 1999ರಲ್ಲಿ ಕೋರೆಕ್ಸ್ ಅನ್ನುವ ಕುಲುಮೆ ತಂದರು, ಕೋಕ್ ಆಗದ ಕಲ್ಲಿದ್ದಲನ್ನೇ ನೇರ ಹಾಕುವಂಥದ್ದು. ಅದಕ್ಕೂ ಒಳಗೆ ತುಂಬಿದ ರಾಶಿ ಸಡಿಲವಾಗಿರಲು ಒಂದಿಷ್ಟು ಕೋಕ್ ಹಾಕಬೇಕಾಗಿ ಬಂತು.

ಇನ್ನೊಬ್ಬರು ಸಾಫ್ಟ್‌ವೇರಿನವರು. "ಡೇಟಾ ಕೊಡಿ ಸಾರ್, ಬ್ಲೆಂಡ್ ಹೇಳೋ ಮಾಡೆಲ್ ನಾವು ಮಾಡಿಕೊಡ್ತೀವಿ" ಅಂದರು. ಊರು ಬೆಂಗಳೂರಲ್ವಾ, ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಅಗ್ಗದ ಬ್ಲೆಂಡ್ ಹುಡುಕುವ ಲೆಕ್ಕ ಕಂಪ್ಯೂಟರಿನಲ್ಲಿ ಆಗಿಯೇ ಬಹಳ ವರ್ಷ ಆಯಿತು ಸ್ವಾಮಿ, ಈಗ ಇನ್ನೂ ಚೆನ್ನಾಗಿ ಆಗುತ್ತದೆ, ದಯವಿಟ್ಟು ಮಾಡಿ. ಆದರೆ ಒಂದು ವಾರ ಯಾರ್ಡಿಗೆ ಬಂದು ನಿಲ್ಲಿ. ಸ್ಯಾಂಪಲ್ ತೆಗೆಯುವ ಹುಡುಗ ಬಿಸಿಲಿಗೆ ಬೇಸತ್ತು ರಾಶಿಯ ಬುಡದಿಂದ ಒಂದು ಸಲಿಕೆ ಎತ್ತಿಕೊಳ್ಳುತ್ತಾನೆ. ಬುಡದಲ್ಲಿ ಉರುಳಿ ಬಂದ ದಪ್ಪ ತುಂಡೇ ಇರುತ್ತದೆ, ಪುಡಿ ಮೇಲೆ ನಿಂತಿರುತ್ತದೆ. ಬೂದಿಯ ಅಂಕಿ ಅಲ್ಲೇ ತಪ್ಪಾಯಿತು. ಸ್ಯಾಂಪಲ್ ತೆಗೆಯಬೇಕಾದ್ದು ಕನ್ವೇಯರಿನಿಂದ ಬೀಳುತ್ತಿರುವ ಧಾರೆಯಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಕ್ಕೆ, ಹೊತ್ತು ಹೊತ್ತಿಗೆ. ನಿಮ್ಮ ಮಾಡೆಲ್‌ಗೆ ಹೋಗುವ ಮೊದಲ ಅಂಕಿ ಹುಟ್ಟುವುದು ಅಲ್ಲಿ.

ಕಾಫಿ ಬಂತು ಅಂತ ಕಾಣುತ್ತದೆ. ಎದ್ದೇಳುವ ಮುಂಚೆ ಒಂದು ಮಾತು: ಕೋಕ್ ತುಂಡು ವಾಪಸ್ ಬಂದಿದೆ, ಕಲ್ಲಿದ್ದಲಿನದು ಇನ್ನೂ ಬಂದಿಲ್ಲ. ಕೈ ಕಪ್ಪಗಿರುವವರು ಯಾರು, ಸ್ವಲ್ಪ ನೋಡಿಕೊಳ್ಳಿ.